ಐದನೇ ನಂಬರಿನ ಪ್ರಶ್ನೆ

ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆ ನಿಜವಾಗಿದ್ದರೆ ಕಾಲ್ಡರ್ ವೆಲ್ಸ್ ಊರಿನಲ್ಲಿ ಆರ್ವಿಲ್ ಟ್ಯಾಕೆಟ್‌ನಂಥ ಸಿರಿವಂತ ಇನ್ನೊಬ್ಬ ಇರುತ್ತಿರಲಿಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಮೆಸ್ಕೀಟ್ ಬೀದಿಯ ಕೊನೆಯ ಮನೆ ಹೊಕ್ಕು ಬಾಗಿಲು ಹಾಕಿಕೊಂಡನೆಂದರೆ ಅವನ ಬಾಯಿ ಮತ್ತೆ ತೆರೆಯುತ್ತಿದ್ದುದು ಸೋಮವಾರ ಬೆಳಿಗ್ಗೆಯೇ. ಆಗಲೂ ಬಹಳ ದಿನ ತಿರುಗಿಸದ ನಲ್ಲಿಯ ಹಾಗೆ ಗಂಟಲು ಮೊದಲು ಒಂದೆರಡು ಸಲ ಕೆಮ್ಮಿ ಆಮೇಲೆ ಮಾತು ಬಿಡುತ್ತಿತ್ತು.

ಮೊದಲಿನಿಂದ ಹೀಗಿರಲಿಲ್ಲ. ಆರ್ವಿಲ್ ನಗರಸಭೆಯ ನೀರಿನ ಮೀಟರ್ ಓದುವವನು. ಹಿಂದೆಲ್ಲ ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು ಅಂಗಳದಿಂದ ಅಂಗಳಕ್ಕೆ ನಡೆಯಬೇಕಿತ್ತು. ಹುಲ್ಲಿನ ನಡುವಿನ ಮುಚ್ಚಳ ಎತ್ತಿ, ಒಳಗೆ ಸಂಸಾರ ಹೂಡಿದ್ದ ಜೇಡಗಳನ್ನು ಸರಿಸಿ, ಮಂಡಿಯೂರಿ ಅಂಕಿ ಓದಬೇಕಿತ್ತು. ಮುಚ್ಚಳದ ಸದ್ದಾದರೆ ಸಾಕು, ಮನೆಯ ಬಾಗಿಲು ತೆರೆಯುತ್ತಿತ್ತು.

"ಏನ್ ಆರ್ವಿಲ್, ಹೋದ ತಿಂಗಳು ನಿಮ್ಮೋರು ನನ್ನ ಹೆಸರಲ್ಲಿ ಕೆರೆ ತುಂಬಿಸಿದ್ರಾ? ಬಿಲ್ ನೋಡಿ ನನ್ನ ಗಂಡ ಸ್ನಾನ ಮಾಡೋದೇ ಬಿಟ್ಟಿದ್ದಾನೆ!"

ಜನ ಬೈಯುವುದಕ್ಕಾದರೂ ಹೊರಗೆ ಬರುತ್ತಿದ್ದರು. ಬೈದು ಮುಗಿದ ಮೇಲೆ ಐಸ್ ಹಾಕಿದ ಸಿಹಿ ಚಹಾ ಕೊಡುತ್ತಿದ್ದರು, ಅಳಿಯನ ಮೊಣಕಾಲಿನ ಆಪರೇಷನ್ನಿನ ಕಥೆ ಹೇಳುತ್ತಿದ್ದರು. ಆಮೇಲೆ ನಗರಸಭೆಗೆ ಬುದ್ಧಿ ಬಂತು. ಪ್ರತಿ ಮೀಟರಿಗೂ ಒಂದೊಂದು ರೇಡಿಯೋ ಕೂರಿಸಿದರು. ಈಗ ಆರ್ವಿಲ್ ವ್ಯಾನಿನಲ್ಲಿ ಕೂತು ಬೀದಿಯಲ್ಲಿ ನಿಧಾನವಾಗಿ ಹೋದರೆ ಸಾಕು, ಅಂಕಿಗಳು ತಾವೇ ಬಂದು ಪಕ್ಕದ ಪೆಟ್ಟಿಗೆಯಲ್ಲಿ ಬೀಳುತ್ತವೆ. ಯಾರೂ ಹೊರಗೆ ಬರುವುದಿಲ್ಲ. ಕಿಟಕಿಯಿಂದ ಕೈ ಬೀಸುತ್ತಾರೆ. ಬೀಸಿದ್ದು ವ್ಯಾನಿಗೋ ತನಗೋ ಎಂದು ಅವನಿಗೆ ತಿಳಿಯುವುದಿಲ್ಲ.

ಮನೆಯಲ್ಲಿ ಒಂದು ಕಾಲಕ್ಕೆ ಜೋಲೀನ್ ಇದ್ದಳು. ಜಗಳವಿಲ್ಲ, ಕದನವಿಲ್ಲ, ಒಂದು ಬೇಸಿಗೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, "ಗೋಡೆ ಜೊತೆ ಮಾತಾಡೋದೇ ಆದ್ರೆ ಅಮರಿಲೋದಲ್ಲೂ ಗೋಡೆಗಳಿವೆ ಆರ್ವಿಲ್," ಎಂದು ಹೇಳಿ ಹೋದಳು. ಅದಕ್ಕೆ ಏನು ಉತ್ತರ ಕೊಡಬೇಕಿತ್ತೆಂದು ಅವನು ಆಮೇಲೆ ವರ್ಷಗಟ್ಟಲೆ ಯೋಚಿಸಿದ. ಒಳ್ಳೊಳ್ಳೆಯ ಉತ್ತರಗಳೇ ಹೊಳೆದವು. ಕೇಳಲು ಅವಳಿರಲಿಲ್ಲ. ಟಲ್ಸಾದಲ್ಲಿ ಒಬ್ಬ ತಮ್ಮನಿದ್ದಾನೆ, ಕ್ರಿಸ್‌ಮಸ್ಸಿಗೆ ಫೋನ್ ಮಾಡುತ್ತಾನೆ, ಹೆಚ್ಚಾಗಿ ಹವಾಮಾನದ ಬಗ್ಗೆ.

ಹಾಗೆಂದು ನಮ್ಮೂರಿನವರು ಕೆಟ್ಟವರೇನಲ್ಲ. ಯಾರಿಗಾದರೂ ಕಾಯಿಲೆಯಾದರೆ ಮನೆ ಮುಂದೆ ಊಟದ ಪಾತ್ರೆಗಳ ಸಾಲೇ ನಿಲ್ಲುತ್ತದೆ. ಆದರೆ ಆರ್ವಿಲ್‌ಗೆ ಕಾಯಿಲೆ ಬರಲಿಲ್ಲ, ಮಕ್ಕಳಿರಲಿಲ್ಲ, ಸಾವು ನೋವು ಯಾವುದೂ ಆಗಲಿಲ್ಲ. ಅವನಿಗೇನು, ಊರೆಲ್ಲ ಅವನ ಪರಿಚಯದವರೇ ಎಂದುಕೊಂಡು ಎಲ್ಲರೂ ನೆಮ್ಮದಿಯಾಗಿದ್ದರು. ಎಲ್ಲರಿಗೂ ಪರಿಚಯವಿದ್ದವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ, ಅದೊಂದು ವಿಚಿತ್ರ.

ಇಂಥವನಿಗೆ ವರ್ಷದಲ್ಲಿ ಒಂದು ದಿನ ಇತ್ತು. ಮಾರ್ಚ್ ತಿಂಗಳಲ್ಲಿ, ಬಯಲಿನ ಗಾಳಿ ಊರಿನ ಮಣ್ಣನ್ನೆಲ್ಲ ಎತ್ತಿ ಪಕ್ಕದ ಜಿಲ್ಲೆಗೆ ಸಾಗಿಸುವ ಕಾಲಕ್ಕೆ ಸರಿಯಾಗಿ, ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆ ನಡೆಯುತ್ತದೆ. ಸುತ್ತಲಿನ ಹನ್ನೆರಡು ಊರಿನ ಮಕ್ಕಳು ಹಳದಿ ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಅಣ್ಣನ ಕೋಟು, ಅಮ್ಮನ ಬೂಟು, ಅಂತೂ ಎಲ್ಲರೂ ಕಪ್ಪು ಬಟ್ಟೆಯಲ್ಲಿ. ದೇಶದ ಸಮಸ್ಯೆಗಳ ಮೇಲೆ ಪ್ರಶ್ನೆ ಬರೆದ ಚೀಟಿಗಳಿರುತ್ತವೆ: ಸಾಲ, ಗಡಿ, ಔಷಧಿಯ ಬೆಲೆ, ಬತ್ತುತ್ತಿರುವ ಅಂತರ್ಜಲ. ಚೀಟಿ ಎತ್ತಿ, ಅರ್ಧ ಗಂಟೆ ತಯಾರಾಗಿ, ಏಳು ನಿಮಿಷ ಮಾತಾಡಿ ಎದುರಿನವನ ಮನಸ್ಸು ಒಲಿಸಬೇಕು. ಅದಕ್ಕೆ ಮುಂಚೆ ಕಾರಿಡಾರಿನ ಉದ್ದಕ್ಕೂ ಒಬ್ಬೊಬ್ಬರೂ ಒಂದೊಂದು ಗೋಡೆ ಹಿಡಿದು, ಗೋಡೆಗೇ ಕೈ ತಿರುಗಿಸಿ ಭಾಷಣ ಮಾಡುತ್ತ ಅಭ್ಯಾಸ ನಡೆಸುತ್ತಾರೆ. ಮೊದಲ ವರ್ಷ ಆ ದೃಶ್ಯ ನೋಡಿದಾಗ ಆರ್ವಿಲ್‌ಗೆ ಜೋಲೀನ್ ನೆನಪಾಗಿ ಎದೆ ಚುರುಕ್ಕೆಂದಿತ್ತು.

ಅವನನ್ನು ತೀರ್ಪುಗಾರನನ್ನಾಗಿ ಮಾಡಿದ್ದು ನೊರೀನ್ ಬ್ಯಾಲೂ, ಆ ಶಾಲೆಯ ಭಾಷಣದ ಟೀಚರು. ಕೊಕ್ಕೆಯ ಕಾಲದ ಮಾತು ಅದು. ಅವಳ ಅಂಗಳದಲ್ಲಿ ಮುಚ್ಚಳ ಎತ್ತಿ ಬಗ್ಗಿದ್ದಾಗ ಅವಳು ಸೊಂಟಕ್ಕೆ ಕೈ ಕೊಟ್ಟು ಬಂದು ನಿಂತಳು.

"ಆರ್ವಿಲ್, ಶನಿವಾರ ಏನ್ ಕೆಲಸ ನಿನಗೆ?"

"ಏನಿಲ್ಲ."

"ಒಬ್ಬರು ತೀರ್ಪುಗಾರರು ಕಮ್ಮಿ ಬಿದ್ದಿದ್ದಾರೆ. ಟೀಚರು ಆಗಿರಬಾರದು, ವಕೀಲರು ಆಗಿರಬಾರದು. ಯಾವ ವಿಷಯದ ಮೇಲೂ ಅಭಿಪ್ರಾಯ ಇಲ್ಲದ ಒಬ್ಬ ಒಳ್ಳೇ ಮನುಷ್ಯ ಬೇಕು. ನಿನ್ನ ಬಿಟ್ಟು ಇನ್ಯಾರೂ ಹೊಳೀಲಿಲ್ಲ ನನಗೆ."

"ಏನ್ ಮಾಡಬೇಕು?"

"ಸುಮ್ನೆ ಕೂತು ಕೇಳಬೇಕು. ತುಟಿ ಎರಡು ಮಾಡೋ ಹಾಗಿಲ್ಲ."

"ಅದು ನನಗೆ ಬರುತ್ತೆ," ಎಂದ ಆರ್ವಿಲ್.

ಅಲ್ಲಿಂದ ಒಂದು ಮಾರ್ಚೂ ತಪ್ಪಿಸಿರಲಿಲ್ಲ. ಉಳಿದವರಿಗೆ ಅದು ಬೇಡದ ಕೆಲಸ. ಮಧ್ಯಾಹ್ನದ ಊಟಕ್ಕಾಗಿ ಬರುತ್ತಿದ್ದರು. ತೀರ್ಪುಗಾರರ ಕೋಣೆಯಲ್ಲಿ ಚರ್ಚಿನ ವಿಲ್ಮಾ ಸ್ಟೋವಲ್ ಸಿಹಿ ತುಂಬಿ ಬೇಯಿಸಿದ ಪೈಗಳ ದರ್ಬಾರು ನಡೆಸುತ್ತಿದ್ದಳು. ಆರ್ವಿಲ್ ಬರುತ್ತಿದ್ದುದು ಊಟಕ್ಕಲ್ಲ. ಖಾಲಿ ತರಗತಿಯೊಂದರಲ್ಲಿ ಅವನೊಬ್ಬನೇ ಕೂರುತ್ತಿದ್ದ. ಬಾಗಿಲು ತಟ್ಟಿ ಒಂದು ಮಗು ಒಳಗೆ ಬರುತ್ತಿತ್ತು. ಹೆಸರಿಲ್ಲ, ಊರಿಲ್ಲ, ನಂಬರು ಮಾತ್ರ, ಅದು ನಿಯಮ. ಆಮೇಲೆ ಪೂರ್ತಿ ಏಳು ನಿಮಿಷ ಆ ಮಗು ಜಗತ್ತಿನಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ಅವನ ಕಣ್ಣನ್ನೇ ನೋಡುತ್ತ, ದಯವಿಟ್ಟು ನಂಬಿ ಎಂದು ಅವನನ್ನು ಬೇಡಿಕೊಳ್ಳುತ್ತಿತ್ತು. ವರ್ಷವಿಡೀ ಯಾರಿಗೂ ಬೇಡವಾಗಿದ್ದ ಅವನ ಒಪ್ಪಿಗೆ ಆ ಒಂದು ದಿನ ಇಷ್ಟು ಮಕ್ಕಳಿಗೆ ಬೇಕಾಗಿತ್ತು. ತೀರ್ಪಿನ ಹಾಳೆಯಲ್ಲಿ ಬೇರೆಯವರು ಸ್ವರ, ನಿಲುವು, ಆಧಾರ ಎಂದೆಲ್ಲ ಬರೆಯುವಾಗ ಆರ್ವಿಲ್ ಹೆಚ್ಚಾಗಿ ಬರೆಯುತ್ತಿದ್ದುದು ಒಂದೇ ವಾಕ್ಯ: 'ನಾನು ನಿನ್ನನ್ನು ನಂಬಿದೆ.'

ವಿಮೆ ಮಾರುವ ಬಡ್ ಮ್ಯಾಕಿ, ಅವನೂ ತೀರ್ಪುಗಾರನೇ, ಒಮ್ಮೆ ಈ ಸುಖಕ್ಕೂ ಕಲ್ಲು ಹಾಕಲು ನೋಡಿದ್ದ. "ಅಯ್ಯೋ ಮಾರಾಯ, ಅವರೆಲ್ಲಿ ನಿನ್ನ ಕಣ್ಣು ನೋಡ್ತಾರೆ? ಹುಬ್ಬಿನ ಮಧ್ಯ ಹಣೆ ನೋಡಿ ಅಂತ ಹೇಳಿಕೊಟ್ಟಿರ್ತಾರೆ. ಕಣ್ಣು ನೋಡಿದ ಹಾಗೇ ಕಾಣುತ್ತೆ!" ಆರ್ವಿಲ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಅವನಿಗೇ ನಷ್ಟ.

ನಾನು ಹೇಳಹೊರಟ ವರ್ಷ ಅವನು ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಗೆ 'ತೀರ್ಪುಗಾರ' ಎಂಬ ಬಿಲ್ಲೆ ಚುಚ್ಚಿಕೊಂಡು, ಭೂಗೋಳದ ತರಗತಿಯಲ್ಲಿ ಕೂತ. ಸಮಯ ನೋಡುವ ಕೆಲಸವೂ ಅವನದೇ. ಕೈಯಲ್ಲೊಂದು ಸ್ಟಾಪ್‌ವಾಚು, ಉಳಿದ ನಿಮಿಷಗಳನ್ನು ಬೆರಳೆತ್ತಿ ತೋರಿಸಬೇಕು. ಏಳು ನಿಮಿಷ ದಾಟಿದವರು ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಮುಂದಿನ ಸುತ್ತಿಗಿಲ್ಲ. ನಾಲ್ಕು ಮಕ್ಕಳು ಬಂದರು, ಹೋದರು. ಎಲ್ಲರದೂ ಒಂದೇ ಹದ. ಮೊದಲ ಕಾರಣ ಹೇಳುವಾಗ ಎಡಕ್ಕೆ ಎರಡು ಹೆಜ್ಜೆ, ಎರಡನೆಯದಕ್ಕೆ ಬಲಕ್ಕೆ, ಮೂರನೆಯದಕ್ಕೆ ಮತ್ತೆ ನಡುವಿಗೆ, ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಆರ್ವಿಲ್ ನಾಲ್ವರನ್ನೂ ನಂಬಿದ.

ಐದನೇ ನಂಬರು ಒಂದು ಗಿಡ್ಡ ಹುಡುಗಿ. ಕೋಟಿನ ತೋಳು ಬೆರಳ ತುದಿಯವರೆಗೆ ಬಂದಿತ್ತು. ಅವಳಿಗೆ ಬಂದಿದ್ದ ಪ್ರಶ್ನೆ, ಖರ್ಚು ಉಳಿಸಲು ಅಂಚೆ ಇಲಾಖೆ ಶನಿವಾರದ ಬಟವಾಡೆ ನಿಲ್ಲಿಸಬಹುದೇ ಎಂದು. ಕೂಡದು ಎಂದಳು. ಎಡಕ್ಕೆ ಎರಡು ಹೆಜ್ಜೆ ಹೋಗಿ ಅಂಚೆಯಲ್ಲಿ ಬರುವ ಔಷಧಿಗಳ ವಿಷಯ ಹೇಳಿದಳು. ಬಲಕ್ಕೆ ಬಂದು ನಿಂತಳು.

"ಎರಡನೇ ಕಾರಣ ಲೆಕ್ಕದ್ದಲ್ಲ. ಸಣ್ಣ ಊರುಗಳಲ್ಲಿ ಒಂಟಿಯಾಗಿ ಬದುಕ್ತಿರೋರ ಮನೆಗೆ ಅಂಚೆಯವರನ್ನ ಬಿಟ್ರೆ ಇನ್ನೊಬ್ಬರು ಬರೋದಿಲ್ಲ. ಪುಸ್ತಕ ನೋಡಿ ಹೇಳ್ತಿಲ್ಲ. ನಿಮ್ಮನ್ನೇ ಕೇಳ್ತೀನಿ ಸರ್. ನಿಮ್ಮ ಮನೆ ಬಾಗಿಲನ್ನ ಕೊನೇ ಸಲ ಯಾರು ಬಡಿದ್ರು? ಯಾವಾಗ?"

ಪ್ರಶ್ನೆ ಕೇಳಿ ಅವಳು ತಡೆದಳು. ಹಾಗೆ ತಡೆಯಬೇಕೆಂದು ಎಲ್ಲ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಮನಸ್ಸಿನಲ್ಲೇ ಮೂರು ಎಣಿಸಿ ಮುಂದಕ್ಕೆ ಹೋಗಬೇಕು. ಆ ಪ್ರಶ್ನೆಗೆ ಉತ್ತರ ಬೇಡ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ.

"ಅಕ್ಟೋಬರ್‌ನಲ್ಲಿ," ಎಂದ ಆರ್ವಿಲ್. "ಹ್ಯಾಲೋವೀನ್ ದಿನ. ಒಂದು ಅಸ್ಥಿಪಂಜರ, ಒಂದು ಜೇನುಹುಳ."

ತನ್ನದೇ ದನಿ ಕೇಳಿ ಅವನು ಬೆಚ್ಚಿಬಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿಯ ಬಾಯಿ ಮೂರನೇ ಎಣಿಕೆಯಲ್ಲೇ ತೆರೆದು ನಿಂತಿತು. ಭಾಷಣ ಮರೆತರೆ ಏನು ಮಾಡಬೇಕು, ಕೆಮ್ಮು ಬಂದರೆ ಏನು ಮಾಡಬೇಕು ಎಲ್ಲವನ್ನೂ ಅವಳಿಗೆ ಕಲಿಸಿದ್ದರು. ತೀರ್ಪುಗಾರ ಉತ್ತರ ಕೊಟ್ಟರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಅವಳಿಗೆ ನಗು ಬಂತು, ಮಕ್ಕಳ ನಗು. ಆಮೇಲೆ ಅದು ಮಾರ್ಚ್ ತಿಂಗಳೆಂಬುದು ನೆನಪಾಯಿತೇನೋ, ನಗು ಅಲ್ಲೇ ನಿಂತಿತು.

"ಅಕ್ಟೋಬರ್ ಆದ್ಮೇಲೆ ಯಾರೂ ಬಂದಿಲ್ವಾ ಸರ್?"

"ಇಲ್ಲಮ್ಮ. ಆವತ್ತು ವೇಷ ಹಾಕ್ಕೊಂಡು ಎಷ್ಟು ಮಕ್ಕಳು ಬರ್ತಾವೋ ಅಂತ ದೊಡ್ಡ ಚೀಲ ಮಿಠಾಯಿ ತಂದಿದ್ದೆ. ಇಬ್ಬರೇ ಬಂದದ್ದು. ಮಿಕ್ಕಿದ್ದನ್ನ ನಾನೇ ತಿಂದು ಮುಗಿಸಿದೆ, ಹಲ್ಲು ನೋವು ಬಂತು."

"ಅಂಚೆಯವರು?"

"ಡಬ್ಬ ಬೀದೀಲಿದೆಯಲ್ಲ. ಹಾಕಿ ಹೋಗ್ತಾನೆ."

ಅವಳು ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಎಡವೂ ಇಲ್ಲ ಬಲವೂ ಇಲ್ಲ, ನೆಟ್ಟಗೆ ಬಂದು ಮುಂದಿನ ಬೆಂಚಿಗೆ ಒರಗಿ ನಿಂತಳು. "ಮುಂಚೆಯಿಂದ ಹೀಗೇನಾ?" ಎಂದು ಕೇಳಿದಳು. ಆರ್ವಿಲ್ ಹೇಳಿದ. ಕೊಕ್ಕೆ, ಮುಚ್ಚಳ, ಜೇಡಗಳು, ಬೈಯುತ್ತ ಬರುತ್ತಿದ್ದ ಹೆಂಗಸರು, ಆಮೇಲೆ ಬಂದ ವ್ಯಾನು. ಇಷ್ಟು ಉದ್ದ ಮಾತಾಡಿ ಎಷ್ಟು ಕಾಲವಾಗಿತ್ತೋ ಅವನಿಗೇ ತಿಳಿಯದು. ಹುಡುಗಿ ಕೇಳಿದಳು. ಅವಳು ನೋಡುತ್ತಿದ್ದುದು ಅವನ ಕಣ್ಣನ್ನೇ. ಅದರಲ್ಲಿ ಈ ಸಲ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವನ ಬೆರಳುಗಳು ನಿಮಿಷ ತೋರಿಸುವುದನ್ನು ಮರೆತಿದ್ದವು. ಗಡಿಯಾರ ಮರೆತಿರಲಿಲ್ಲ.

"ಅಯ್ಯೋ ದೇವರೇ, ಮೂರನೇ ಕಾರಣ!" ಎಂದು ಅವಳು ಒಮ್ಮೆಲೇ ನೆನಪಿಸಿಕೊಂಡು ನಡುವಿಗೆ ಓಡಿ, ಮೂರನೇ ಕಾರಣವನ್ನು ಒಂದೇ ಉಸಿರಿನಲ್ಲಿ ಹೇಳಿ, ಬಾಗಿ ವಂದಿಸಿ ಹೊರಟಳು. ಬಾಗಿಲಲ್ಲಿ ತಿರುಗಿ, "ಥ್ಯಾಂಕ್ಯೂ ಸರ್," ಎಂದಳು. ಗಡಿಯಾರದಲ್ಲಿ ಹತ್ತು ನಿಮಿಷದ ಮೇಲಾಗಿತ್ತು.

ಹೊರಗೆ ಆರನೇ ನಂಬರಿನ ಹುಡುಗ ಗಡಿಯಾರ ನೋಡುತ್ತ ಕಾಯುತ್ತಿದ್ದ. ಅವನು ಮಾತಾಡಿ ಹೋದ ಮೇಲೆ ಆರ್ವಿಲ್ ಹಾಳೆ ಮುಂದಿಟ್ಟುಕೊಂಡು ಹೇಗೆ ಬರೆಯಬೇಕೆಂದು ತೋಚದೆ ಕೂತಿದ್ದಾಗ ನೊರೀನ್ ಒಳಗೆ ಬಂದಳು. ಹಿಂದೆಯೇ ಪಕ್ಕದೂರಿನ ತರಬೇತಿ ಮೇಷ್ಟ್ರು ಲಾಥ್ರಪ್, ಆರನೇ ನಂಬರಿನ ಕಡೆಯವನು.

"ಆರ್ವಿಲ್, ಐದನೇ ನಂಬರು ಸಮಯ ದಾಟಿದಳು ಅಂತ ಇವರು ದೂರು ತಂದಿದ್ದಾರೆ. ಹೌದೇನು?"

"ಹೌದು," ಎಂದ ಆರ್ವಿಲ್.

"ಮುಗೀತಲ್ಲ. ಅವಳನ್ನ ಕೊನೇಗೆ ಹಾಕು, ಆಯ್ತು." ನೊರೀನ್ ಆಗಲೇ ಅರ್ಧ ತಿರುಗಿದ್ದಳು. ಅವಳಿಗೆ ನೂರೆಂಟು ಕೆಲಸ.

ಅಲ್ಲಿಗೇ ಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ತೀರ್ಪುಗಾರರ ಮೇಲೆ ದೂರು ಹೇಳಬಾರದೆಂದು ಮಕ್ಕಳಿಗೆ ಕಟ್ಟಪ್ಪಣೆ. ಮುಂದಿನ ಮಾರ್ಚಿನಲ್ಲೂ ನೊರೀನ್ ಫೋನ್ ಮಾಡುತ್ತಿದ್ದಳು, ಅವನು ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದ. ಹೇಳಿಬಿಟ್ಟರೆ ಆ ಒಂದು ದಿನವೂ ಹೋಗುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಇರುವುದೇ ಒಂದು ದಿನ. ಅದನ್ನು ಕೈಯಾರೆ ಕೊಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಆದರೆ ಹೇಳದಿದ್ದರೆ ಸೋಲುವವಳು ಆ ಹುಡುಗಿ, ಅದೂ ಅವನ ಮಾತು ಕೇಳಿದ್ದಕ್ಕೆ.

"ನೊರೀನ್, ತಪ್ಪು ಅವಳದಲ್ಲ," ಎಂದ. "ನಾನು ಮಾತಾಡಿದೆ."

ನೊರೀನ್ ಪೂರ್ತಿ ತಿರುಗಿದಳು. "ಯಾರು? ನೀನಾ? ನಿನ್ನ ಬಾಯಿಂದ 'ಹೂಂ' ಅನ್ನಿಸೋಕೆ ನನಗೆ ಹನ್ನೊಂದು ವರ್ಷ ಬೇಕಾಯ್ತು. ಇವತ್ತೇ ಬೇಕಿತ್ತೇನೋ ನಿನಗೆ ಮಾತು?"

"ಅವಳೊಂದು ಪ್ರಶ್ನೆ ಕೇಳಿದಳು."

"ಅವರು ಕೇಳೋದೇ ಹಾಗೆ! ಯಾರಾದ್ರೂ ಉತ್ತರ ಕೊಡ್ತಾರೇನೋ ಅದಕ್ಕೆ?"

ಲಾಥ್ರಪ್ ಕೆಮ್ಮಿದ. ನೊರೀನ್ ಒಳ್ಳೆಯವಳು, ಆದರೆ ನಿಯಮ ಪುಸ್ತಕದ ಮುಂದೆ ಅವಳಿಗೆ ಅಣ್ಣ ತಮ್ಮ ಯಾರೂ ಇಲ್ಲ. ಹುಡುಗಿಗೆ ಬೇರೆ ಪ್ರಶ್ನೆ ಕೊಟ್ಟು ಬಡ್ ಮ್ಯಾಕಿಯ ಮುಂದೆ ಮತ್ತೊಮ್ಮೆ ಮಾತಾಡಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಆಮೇಲೆ ನೊರೀನ್ ಆರ್ವಿಲ್ ಮುಂದೆ ಕೈ ಚಾಚಿದಳು.

"ಬೇಜಾರು ಮಾಡ್ಕೋಬೇಡ. ಬಾಯಿ ಬಿಟ್ಟ ತೀರ್ಪುಗಾರನ್ನ ಮತ್ತೆ ಕೂರಿಸೋ ಹಾಗಿಲ್ಲ. ಇವತ್ತಲ್ಲ, ಯಾವತ್ತೂ. ನಾನು ಮಾಡಿದ ನಿಯಮ ಅಲ್ಲ ಇದು."

"ಗೊತ್ತು," ಎಂದು ಆರ್ವಿಲ್ ಬಿಲ್ಲೆಯನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಅವನು ಹುಡುಗಿಗೆ ಏನು ಹೇಳಿದನೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮನೆಗೆ ಹೋಗಬಹುದಿತ್ತು. ಹೋಗಿ ಮಾಡುವುದಾದರೂ ಏನು? ವ್ಯಾನಿನೊಳಗೆ ಕೂತು, ಪಾರ್ಕಿಂಗಿನಲ್ಲಿ ಗಾಳಿ ಒಣ ಮುಳ್ಳುಗಿಡಗಳನ್ನು ಬಸ್ಸುಗಳ ಕೆಳಗೆ ಉರುಳಿಸುವುದನ್ನು ನೋಡುತ್ತ ಮಧ್ಯಾಹ್ನ ಕಳೆದ. ಅಳು ಬರುವ ವಯಸ್ಸಲ್ಲ, ಬಂದಿದ್ದರೆ ಚೆನ್ನಾಗಿತ್ತು. ಕೊನೆಯ ಸುತ್ತು ಸಭಾಂಗಣದಲ್ಲಿ, ಎಲ್ಲರಿಗೂ ಪ್ರವೇಶವುಂಟು. ಆ ಹುಡುಗಿ ಗೆದ್ದು ಬಂದಳೋ ಇಲ್ಲವೋ ಎಂದಾದರೂ ನೋಡೋಣವೆಂದು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಒಂದು ಪಕ್ಕಕ್ಕೆ ಬಡ್ ಬಂದು ಕುಸಿದ, ಇನ್ನೊಂದು ಪಕ್ಕಕ್ಕೆ ಏಪ್ರನ್ ಬಿಚ್ಚುತ್ತ ವಿಲ್ಮಾ.

"ನಿನ್ನ ಐದನೇ ನಂಬರನ್ನ ನಾನೇ ಪಾಸು ಮಾಡಿದೆ ಕಣೋ," ಎಂದ ಬಡ್. "ಭಾರಿ ಹುಡುಗಿ. ನಾನು ಮಾತ್ರ ಬಾಯಿ ಮುಚ್ಕೊಂಡೇ ಇದ್ದೆ."

ಅವಳು ನಾಲ್ಕನೆಯವಳಾಗಿ ವೇದಿಕೆಗೆ ಬಂದಳು. ಈ ಸಲದ ಪ್ರಶ್ನೆ, ಹಳ್ಳಿಗಾಡಿನ ಮನೆಮನೆಗೂ ಸರ್ಕಾರವೇ ಇಂಟರ್ನೆಟ್ ತಂತಿ ಎಳೆಸಬೇಕೇ ಎಂದು. ಎಳೆಸಲಿ ಎಂದಳು, ಒಂದೆರಡು ಅಂಕಿ ಅಂಶ ಹೇಳಿದಳು. ಆಮೇಲೆ ಚೀಟಿಯನ್ನು ಕೋಟಿನ ಜೇಬಿಗೆ ಹಾಕಿದಳು.

"ಆದ್ರೆ ತಂತಿ ಎಳೆದ್ರೆ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ. ಈ ಊರಲ್ಲೇ ಒಬ್ಬರಿದ್ದಾರೆ. ಅವರ ಮನೆ ಬಾಗಿಲನ್ನ ಕೊನೇ ಸಲ ಬಡಿದದ್ದು ಒಂದು ಅಸ್ಥಿಪಂಜರ, ಒಂದು ಜೇನುಹುಳ."

ಸಭಾಂಗಣ ಗೊಳ್ಳೆಂದು ನಕ್ಕಿತು. ಅವಳು ಕಾದಳು.

"ಹ್ಯಾಲೋವೀನ್ ದಿನ. ಇದು ಮಾರ್ಚ್."

ನಗು ಅಲ್ಲಲ್ಲೇ ಅಡಗಿತು. ಅವಳು ಮಿಠಾಯಿ ಚೀಲದ ಕಥೆ ಹೇಳಿದಳು, ಹಲ್ಲು ನೋವು ಹೇಳಿದಳು. ಮೀಟರಿನ ವಿಷಯ ಎತ್ತಲಿಲ್ಲ, ಹೆಸರಂತೂ ಅವಳಿಗೇ ಗೊತ್ತಿಲ್ಲ. ಅಷ್ಟು ಮರ್ಯಾದೆ ಉಳಿಸಿದ್ದಳು. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಆರ್ವಿಲ್ ಕುರ್ಚಿಯಲ್ಲಿ ಕುಗ್ಗಿದ. ಮುಖವೆಲ್ಲ ಬೆಂಕಿಯಾಗಿತ್ತು. ಊರಿಗೆ ಊರೇ ತನ್ನ ಮನೆಯೊಳಗೆ ನುಗ್ಗಿ ಖಾಲಿ ಕುರ್ಚಿಗಳನ್ನು ನೋಡುತ್ತಿದೆ ಎನ್ನಿಸಿತು. ಹುಡುಗಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮನವೊಲಿಸುವವರು ಕೈಗೆ ಸಿಕ್ಕಿದ್ದನ್ನು ಬಳಸುತ್ತಾರೆ, ಅವಳ ಕೈಗೆ ಸಿಕ್ಕಿದ್ದು ಅವನು. ಅವಳು ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರ್ವಿಲ್ ಕೂಡ ಎದ್ದ; ಎಲ್ಲರೂ ನಿಂತಿರುವಾಗ ಒಬ್ಬನೇ ಕೂತರೆ ಎದ್ದು ಕಾಣುತ್ತದೆ.

ಅಂಕ ಕೂಡಿಸುವವರು ಒಳಗೆ ಹೋದರು. ಸಭಾಂಗಣದಲ್ಲಿ ಬೇರೆ ಮಾತೇ ಇಲ್ಲ.

"ನಾಚಿಕೆಗೇಡು," ಎಂದಳು ವಿಲ್ಮಾ, ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತ. "ನಮ್ಮೂರಲ್ಲೇ! ಯಾರಿರಬಹುದು ಪಾಪ?"

"ಹತ್ತಿ ಗಿರಣಿ ಹಿಂದಿನ ಮುದುಕ ಗ್ರೇಡಿ ಇರಬೇಕು," ಎಂದ ಬಡ್.

"ಹೋಗೋ, ಅವನ ಮಗಳು ದಿನಾ ಬಂದು ಹೋಗ್ತಾಳೆ. ಆರ್ವಿಲ್, ನಿನಗೆ ಗೊತ್ತಿಲ್ಲದ ಮನೆ ಈ ಊರಲ್ಲಿಲ್ಲ. ಯಾರಪ್ಪ ಅದು? ನೀನೇ ಹೇಳು."

ಆರ್ವಿಲ್ ಗಂಟಲು ಸರಿಮಾಡಿಕೊಂಡ. "ನಾನೇ," ಎಂದ.

ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ಬಡ್ ನಕ್ಕು ಅವನ ಬೆನ್ನಿಗೆ ಗುದ್ದಿದ. "ಕೇಳಿದ್ರೇನ್ರೋ! ಒಂದು ದಿನ ಬಾಯಿ ಬಿಟ್ಟಿದ್ದಕ್ಕೆ ತಮಾಷೆ ಮಾಡೋದೂ ಕಲಿತುಬಿಟ್ಟ!"

"ಸುಮ್ನಿರೋ ಆರ್ವಿಲ್," ಎಂದು ವಿಲ್ಮಾ ಕೂಡ ನಕ್ಕಳು. "ನಿನಗೇನೋ ಕಮ್ಮಿ? ಊರೆಲ್ಲ ನಿನ್ನ ನೆಂಟರೇ."

ಆರ್ವಿಲ್ ಕೂಡ ನಕ್ಕ. ನಗುವವರ ನಡುವೆ ಇನ್ನೇನು ಮಾಡಲಾಗುತ್ತದೆ? ಒಂದೇ ದಿನದಲ್ಲಿ ಎರಡು ಸಲ ತಾನೇ ಎಂದು ಒಪ್ಪಿಕೊಂಡಿದ್ದ. ಮೊದಲನೆಯದಕ್ಕೆ ಶಿಕ್ಷೆಯಾದರೂ ಸಿಕ್ಕಿತ್ತು.

"ತಮಾಷೆ ಸಾಕು. ಯಾರು ಅಂತ ವಿಚಾರಿಸಿ ಹೇಳು ನನಗೆ," ಎಂದಳು ವಿಲ್ಮಾ. "ನಾನೇ ಒಂದು ಪೈ ಮಾಡ್ಕೊಂಡು ಹೋಗಿ ಬರ್ತೀನಿ. ಅಂಥೋರಿಗೆ ಏನಿಷ್ಟವೋ ಏನೋ. ಸೇಬಿನ ಪೈ ಮಾಡ್ಲಾ?"

"ಪೀಕನ್ ಬೀಜದ್ದಾದ್ರೆ ಒಳ್ಳೇದು," ಎಂದ ಆರ್ವಿಲ್. "ಪೀಚ್ ಆದ್ರೂ ತಿಂತಾನೆ. ಸೇಬು ಅಷ್ಟಾಗಿ ಸೇರಲ್ಲ."

ವಿಲ್ಮಾ ಕರ್ಚೀಫು ಮಡಚುತ್ತಿದ್ದವಳು ಹಾಗೇ ನಿಂತಳು. ವೇದಿಕೆಯಲ್ಲಿ ನೊರೀನ್ ಮೈಕು ತಟ್ಟಿ ಎಲ್ಲರೂ ಕೂರಬೇಕೆಂದು ಕೇಳಿಕೊಳ್ಳುತ್ತಿದ್ದಳು. ವಿಲ್ಮಾ ಅತ್ತ ನೋಡಲಿಲ್ಲ. ಆರ್ವಿಲ್‌ನ ಮುಖವನ್ನೇ ನೋಡಿದಳು. ಅವಳ ನಗು ಪೂರ್ತಿ ಇಳಿದಿತ್ತು.

"ಮನೆ ಯಾವುದು ಆರ್ವಿಲ್?" ಎಂದು ಮೆಲ್ಲಗೆ ಕೇಳಿದಳು.

"ಮೆಸ್ಕೀಟ್ ಬೀದೀಲಿ ಕೊನೇದು," ಎಂದ ಅವನು. "ಕರೆಗಂಟೆ ಕೆಟ್ಟಿದೆ. ಬಾಗಿಲು ಬಡೀಬೇಕು."